ನಾಲ್ಕು ಕೇಜಿ ಇನ್ನೂರು

ಹದಿನಾರು ಚೌಕ ಇರಬೇಕಿತ್ತು ಆ ಹಲಗೆಯಲ್ಲಿ.
ವಿದ್ಯಾನಗರದವರ ಬರ್ತ್‌ಡೇ ಕೇಕಿಗೆ
ದುರ್ಗಿಗುಡಿಯಿಂದ ತಂದ ಕಪ್ಪು ಚಾಕೊಲೇಟು,
ಹಾಲಿಲ್ಲದ್ದು, ಕಹಿ, ದುಬಾರಿ.
ಬೆಳಿಗ್ಗೆಯೇ ಎಣಿಸಿಟ್ಟಿದ್ದೆ.
ನಾನು ಎಲ್ಲವನ್ನೂ ಎಣಿಸಿಡುವವಳು:
ಮೊಟ್ಟೆ, ಮೇಣದ ಬತ್ತಿ,
ಆಮೇಲೆ ಕೊಡ್ತೀನಿ ಅಂದು ಹೋದ ಗಿರಾಕಿಗಳು.
ರಾತ್ರಿ ಒಂಬತ್ತಕ್ಕೆ ನೋಡಿದರೆ ಒಂಬತ್ತೇ ಉಳಿದಿದ್ದವು.
ಬೆಳ್ಳಿ ಕಾಗದ ಮಂಚದ ಕೆಳಗೆ,
ಅಂಚಿನಲ್ಲಿ ಹಲ್ಲಿನ ಗುರುತು.

ಯಾರು? ಅಂದೆ.
ಕೈಯಲ್ಲಿ ಸೌಟಿತ್ತು, ಸುಳ್ಳು ಹೇಳುವುದಿಲ್ಲ.
‘ಗೋಲಿ ತಿಂತು’ ಅಂದ ನನ್ನ ಮಗ ಸುಹಾಸ, ಗೋಡೆ ನೋಡುತ್ತ.

ಗೋಲಿ ಅಂದರೆ ನಾಯಿ.
ಸಂತೆ ಚೀಲದಲ್ಲಿ ಸೊಪ್ಪಿನ ಜೊತೆ ಕೂತು
ಸಿಟಿ ಬಸ್ಸು ಹತ್ತುವಷ್ಟು ನಾಯಿ.
ತನ್ನ ಹೆಸರು ಬಂತಲ್ಲ ಎಂಬ ಖುಷಿಗೆ ಬಾಲ ಆಡಿಸಿತು.

ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು.
ಕೇಕ್ ಕ್ಲಾಸಿನ ಟೀಚರ್ ಅಂದಿದ್ದರು ಒಮ್ಮೆ,
ನಾಯಿ ಇರುವ ಮನೆಯಲ್ಲಿ ಇದನ್ನು ಮೇಲಿನ ಶೆಲ್ಫಿನಲ್ಲಿಡಿ,
ನಮ್ಮ ನಾಲಗೆಗೆ ರುಚಿ, ಅದರ ಗುಂಡಿಗೆಗೆ ವಿಷ.
ಆಗ ನಾನು ಬೆಣ್ಣೆಯ ಅಳತೆ ಬರೆದುಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಶಾಂಭವಕ್ಕ ಉಪ್ಪುನೀರು ಕದಡಿ ತಂದರು.
ಮಹಡಿಯವರು ಮೊಸರು ಅಂದರು.
ದಾರಿಯಲ್ಲಿ ಹೋಗುವವನೊಬ್ಬ ಗಂಟಲಿಗೆ ಬೆರಳು ಹಾಕಿ ಅಂದ,
ಯಾರ ಬೆರಳು ಎಂದು ಹೇಳಲಿಲ್ಲ.

ಫೋನಿನಲ್ಲಿ ಡಾಕ್ಟರಮ್ಮ:
‘ಉಪ್ಪುನೀರು ಚೆಲ್ಲಿ. ಬೆರಳು ಬೇಡ.
ನನಗೆ ಲೆಕ್ಕ ಬೇಕು.
ಬಿಳಿಯದಾ, ಕಪ್ಪಾ? ಎಷ್ಟು ಹೊತ್ತಾಯಿತು?
ಎಷ್ಟು ತಿಂದಿದೆ? ನಾಯಿ ಎಷ್ಟು ತೂಕ?’

ತೂಕ.
ನನ್ನ ಅಡುಗೆಮನೆಯ ತಕ್ಕಡಿ ಎರಡು ಕೇಜಿಗೇ ಕೈಚೆಲ್ಲುತ್ತದೆ.
ಎದುರಿಗೆ ನಯಾಜನ ಗುಜರಿ ಅಂಗಡಿ,
ಅರ್ಧ ಇಳಿದ ಶಟರು.
ಊಟದ ಕೈಯಲ್ಲೇ ಬಂದ, ಶಟರು ಎತ್ತಿದ,
ಹಳೇ ಪೇಪರು ತೂಗುವ ತಟ್ಟೆ ಒರೆಸಿದ,
ಗೋಲಿಯನ್ನು ಕೂರಿಸಿದ.
ಕೆಂಪು ಅಂಕಿಗಳು ಕುಣಿದವು,
ಬಾಲ ನಿಲ್ಲುವ ತನಕ ನಿಲ್ಲಲಿಲ್ಲ.
ನಾಲ್ಕು ಕೇಜಿ ಇನ್ನೂರು.

ಏಳು ಚೌಕ, ಒಂದೊಂದೂ ಐದು ಗ್ರಾಮು ಅಂದೆ.
ಆ ಕಡೆ ಮೌನ, ಪೆನ್ನಿನ ಸದ್ದು.
‘ಈಗಲೇ ಹೊರಡಿ. ವಾಂತಿ ನಾನು ಮಾಡಿಸುತ್ತೇನೆ,
ಡ್ರಿಪ್ಪು ಬೇಕಾಗಬಹುದು. ಆ ಕಾಗದವನ್ನೂ ತನ್ನಿ.’

ಆಟೋ ಬಂತು. ನಾಯಿ ಹತ್ತಿತು, ನಾನು ಹತ್ತಿದೆ.
ಮಗ ಹತ್ತಲಿಲ್ಲ.
ಕಂಬಿ ಹಿಡಿದು ನಿಂತ, ಚಪ್ಪಲಿಯಿಂದ ನೆಲ ಕೆದಕುತ್ತ.
‘ಡ್ರಿಪ್ಪು ಅಂದ್ರೆ ಸೂಜಿನಾ?’
ಹೌದು.
‘ಐದು ನಾನು ತಿಂದೆ.’

ಇನ್ನೆರಡು?

‘ಗೋಲಿ ಮುಖ ನೋಡ್ತಾ ಕೂತಿತ್ತಮ್ಮ.
ಒಬ್ಬನೇ ತಿನ್ನಬಾರದು ಅಂತ ನೀನೇ ಹೇಳ್ತೀಯಲ್ಲ.’

ಆಟೋದವನು ಎಂಜಿನ್ ಆರಿಸಿದ.
ನನ್ನ ಮಾತೇ ನನ್ನ ಕೊರಳಪಟ್ಟಿ ಹಿಡಿದಿತ್ತು.

ಮತ್ತೆ ಫೋನು.
‘ಎರಡೇನಾ? ಹುಡುಗ ನಿಜ ಹೇಳ್ತಿದಾನಾ?’
ಮಗನ ಮುಖ ನೋಡಿದೆ.
ತುಟಿಯ ಮೂಲೆಯಲ್ಲಿ ಕಂದು ಗೆರೆ,
ಇಷ್ಟು ಹೊತ್ತೂ ಅಲ್ಲೇ ಇತ್ತು ಸಾಕ್ಷಿ.
ನಿಜ ಅಂದೆ.
‘ಹಾಗಾದರೆ ಮನೆಯಲ್ಲೇ ಇರಿ. ಆದರೆ ಮಲಗಬೇಡಿ.
ನೀರಿಡಿ. ವಾಂತಿಯಾದರೆ, ನಡುಗಿದರೆ,
ಸುಮ್ಮನೆ ಕೂರದೆ ಸುತ್ತಿದರೆ, ಎದೆ ಓಡಿದರೆ,
ಎಷ್ಟು ಹೊತ್ತಾದರೂ ಫೋನ್ ಮಾಡಿ.’

ಗೋಲಿಯ ಪಕ್ಕೆಯ ಮೇಲೆ ಅಂಗೈಯಿಟ್ಟು ಕೂತೆವು.
ಎಣಿಸುವುದನ್ನು ಮಗನಿಗೆ ಕಲಿಸಿದೆ,
ಉಸಿರು ಏರಿದರೆ ಒಂದು, ಇಳಿದದ್ದು ಲೆಕ್ಕಕ್ಕಿಲ್ಲ.
ಹನ್ನೆರಡಕ್ಕೆ ನಾಯಿ ಗೊರಕೆ ಹೊಡೆಯಿತು.
ಎರಡಕ್ಕೂ ಮಗನಿಗೆ ನಿದ್ದೆಯಿಲ್ಲ,
ಐದು ಚೌಕದ ಕಪ್ಪು ಅವನ ಕಣ್ಣಲ್ಲಿ ಮಿಟಿಮಿಟಿ.
ಅವನ ಎದೆಯ ಮೇಲೂ ಕೈಯಿಟ್ಟು ನೋಡಿದೆ.
ಸೌಟನ್ನು ಎಲ್ಲಿಟ್ಟೆನೋ, ಇನ್ನೂ ಸಿಕ್ಕಿಲ್ಲ.

ಕೇಕು ಒಂಬತ್ತು ಚೌಕದಲ್ಲೇ ಆಯಿತು, ಮಿಕ್ಕಿದ್ದಕ್ಕೆ ಕೋಕೋ ಪುಡಿ.

ಬೆಳಿಗ್ಗೆ ಹಾಲಿನ ಗಾಡಿಯ ಹಿಂದೆಯೇ ಗೋಲಿ ಓಡಿತು,
ನಯಾಜ್ ಹೊರಗಿಟ್ಟ ತಕ್ಕಡಿಯ ಹತ್ತಿರ ನಿಂತು
ಕಾಲೆತ್ತಿತು. ಬಹಳ ಹೊತ್ತು.
ಅವನು ಬಕೆಟ್ ಹಿಡಿದು ಬಂದ, ಬೈಯಲಿಲ್ಲ.
‘ಅಕ್ಕಾ, ಇನ್ನೊಂದು ಸಲ ತೂಗೋಣ,
ಈಗ ಕಮ್ಮಿ ಬರುತ್ತೆ.’