ಖರಾಬು, ನಾಲ್ಕು ಗುಂಟೆ

ಗಾಳಿಕಂಬದವರಿಗೆ ದಾರಿ ಅಳೆಯಲು ಹೋಗಿದ್ದೆ
ಕಪ್ಪತಗುಡ್ಡದ ಮೂಡಣ ಸೆರಗಿಗೆ,
ಹೆಗಲಲ್ಲಿ ಸರಪಳಿ, ಕಂಕುಳಲ್ಲಿ ಹಳೆಯ ಟಿಪ್ಪಣಿ.
ಅದರಲ್ಲಿ, ಆ ಹೊಲದ ನಟ್ಟನಡುವೆ,
ನಮ್ಮಜ್ಜನ ಕಾಲದ ಯಾರೋ ಮೋಜಣಿದಾರ
ಬೋರುವಿನಿಂದ ಒಂದು ಸೊನ್ನೆ ಬರೆದು
ಪಕ್ಕದಲ್ಲಿ: ಖರಾಬು, ನಾಲ್ಕು ಗುಂಟೆ. ಕಲ್ಲು ಹತ್ತೊಂಬತ್ತು.
ಬೇರೇನೂ ಇಲ್ಲ.

ಕಡಲೆ ಕಾಯಿಗಟ್ಟಿತ್ತು. ಅದರ ಹುಳಿಗೆ
ಪ್ಯಾಂಟಿನ ಅಂಚು ಒದ್ದೆ, ಮೀನಗಂಡ ಚುರುಚುರು.
ನೆಟ್ಟಗೆ ಉತ್ತರಕ್ಕೆ ಬಂದ ಸಾಲು
ಒಮ್ಮೆಲೇ ಬಾಗಿ, ಬಳಸಿ,
ಆಚೆ ಮತ್ತೆ ನೆಟ್ಟಗಾಗಿತ್ತು.
ಒಳಗೆ ಕರ್ಕಿ, ಒಂದು ಬಾರಿಗಿಡ,
ಮತ್ತು ಕಲ್ಲು.
ಸೊಂಟದೆತ್ತರ ಒಂದು, ಮಂಡಿಯೆತ್ತರ ನಾಲ್ಕು,
ಉಳಿದವು ಕುಂತ ಮಂದಿ,
ಪಂಚಾಯ್ತಿ ಮುಗಿದರೂ ಏಳದವರು.

ಎಣಿಸಿದೆ. ಹದಿನೆಂಟು.
ಬಲದಿಂದ ಎಣಿಸಿದೆ, ಎಡದಿಂದ ಎಣಿಸಿದೆ,
ಎಣಿಸಿದ್ದಕ್ಕೆ ಸುಣ್ಣದ ಬೊಟ್ಟಿಟ್ಟು ಎಣಿಸಿದೆ.
ಹದಿನೆಂಟು.

ಬದುವಿನ ಮೇಲೆ ಹಾಲವ್ವ, ಉಡಿಯಲ್ಲಿ ಸುಲಗಾಯಿ.
‘ಇನ್ನೊಂದು ನಮ್ಮ ಬಚ್ಚಲದಾಗ ಐತ್ರೀ ಸಾಹೇಬ್ರ.
ನಮ್ಮ ಮಾವ ಹೊತಗೊಂಡು ಬಂದಿದ್ದ, ಅರಿವಿ ಒಗ್ಯಾಕ.’

ನಕ್ಕೆ. ಆಕೆ ನಗಲಿಲ್ಲ.
‘ಇದನ್ಯಾಕ ಹರಗಿಲ್ಲ?’
‘ಯಾರಿಗೆ ಗೊತ್ರೀ. ಎತ್ತು ತಿರಗತಿದ್ವು, ನಾವೂ ತಿರಗತಿದ್ವಿ.
ಈಗ ಟ್ರ್ಯಾಕ್ಟರ್ ಹುಡುಗನೂ ತಿರಗಸ್ತಾನ,
ಬೈಕೋಂತ.
ಗೇಣುದ್ದದ ಮಂದಿ ಇದ್ರಂತ ಆವಾಗ.
ಗೇಣುದ್ದದವರು ಇಂಥಾ ಕಲ್ಲು ಎತ್ತತಿದ್ರೇನ್ರಿ?’
ಸುಲಗಾಯಿ ಬಿಡಿಸಿ ನನ್ನ ಅಂಗೈಗೆ ಹಾಕಿದಳು.
‘ಒಳಗ ಮಲಗಿದಾವಗ ಹೊಲ ಎಷ್ಟಿತ್ತೋ ಏನೋ.
ನಿಮ್ಮ ಪುಸ್ತಕದಾಗ ಬರದಾರೇನು?’

ಹೊತ್ತು ಗುಡ್ಡಕ್ಕೆ ಇಳಿಯಿತು.
ಮೇಲಿನ ಗಾಳಿಕಂಬದ ರೆಕ್ಕೆಯ ನೆರಳು
ಉದ್ದುದ್ದ ಬಂದು ಕಲ್ಲಿನ ಮೇಲೆ ಹಾದು ಹೋಗುತ್ತಿತ್ತು,
ಸಾಲಿ ಮಾಸ್ತರು ತಲೆ ಎಣಿಸಿದ ಹಾಗೆ,
ಮಧ್ಯದಲ್ಲಿ ತಪ್ಪಿ
ಮತ್ತೆ ಮೊದಲಿನಿಂದ.

ಚಹಾಕ್ಕೆ ಕರೆದಳು, ಹೋದೆ.
ಬಚ್ಚಲಲ್ಲಿ ಸೊಸೆ ಹುಡುಗನ ಸಾಲಿ ಅಂಗಿ ಕುಕ್ಕುತ್ತಿದ್ದಳು.
ಕಲ್ಲಿನ ಸಂದಿಯಲ್ಲಿ ಸಾಬೂನಿನ ನೀಲಿ,
ನಡುವೆ ಸವೆದು ತಟ್ಟೆಯಷ್ಟು ತಗ್ಗು.
ಕೈ ಇಟ್ಟೆ. ಒಲೆಯ ಪಕ್ಕದ್ದು, ಬೆಚ್ಚಗಿತ್ತು.
ಹೊಲದ ಹದಿನೆಂಟೂ ಆಗಲೇ ತಣ್ಣಗಾಗಿರಬೇಕು.
‘ತಿರುಗಿ ಇಡಬೇಕೇನ್ರೀ?’
ಸರಕಾರದ ಉಪ್ಪು ತಿಂದವನು, ಏನಾದರೂ ಹೇಳಬೇಕಿತ್ತು.
ಬಸಿಗೆ ಹೊಯ್ದು ಚಹಾ ಕುಡಿದೆ.

ಮರುದಿನ ಮುಂಡರಗಿ ಕಚೇರಿಯಲ್ಲಿ ನಕ್ಷೆ ಬರೆದೆ.
ಕಲ್ಲು ಹತ್ತೊಂಬತ್ತು, ಅದನ್ನು ಹಾಗೇ ಬಿಟ್ಟೆ.
ಕಂಪನಿಯ ದಾರಿ ನೆಟ್ಟಗೆ ಉತ್ತರಕ್ಕೆ ಎಳೆಯುತ್ತ ಬಂದವನು
ಸೊನ್ನೆಯ ಹತ್ತಿರ ಬಂದಾಗ
ಕೈ ತಿರುಗಿತು.

‘ಇಲ್ಯಾಕ್ರೀ ಡೊಂಕು?’ ಅಂದರು ಸಾಹೇಬರು,
ಕನ್ನಡಕ ಏರಿಸಿ.