ಲೊಸ್ತುರಾ ಎಣಿಕೆ

ಹತ್ತೊಂಬತ್ತಕ್ಕೇ ಕಿವಿತಮಟೆ ಹರಿದುಕೊಂಡವನು ನಾನು,
ಮುಳುಗುವುದಿಲ್ಲ.
ದೋಣಿಯಲ್ಲಿ ಕೂತು ಗುಳ್ಳೆ ಓದುತ್ತೇನೆ.
ಸಾಲಾಗಿ ಎದ್ದರೆ ತೆನಾ ಹುಲ್ಲಿನ ಮೇಲೆ ಹಾಯುತ್ತಿದ್ದಾಳೆ,
ಒಂದೇ ಕಡೆ ಎದ್ದರೆ ಏನನ್ನೋ ನೋಡುತ್ತ ನಿಂತಿದ್ದಾಳೆ,
ಏಳದೇ ಹೋದರೆ
ಆ ಪಾಠ ಈವರೆಗೆ ಬಂದಿಲ್ಲ.

ಪಾಚಿಯಲ್ಲ ಯೆರ್ಕೊ, ಹುಲ್ಲೇ, ಎನ್ನುತ್ತಾಳೆ.
ಬೇರಿದೆ, ಹೂವಿದೆ, ಒಂದೊಂದು ವರ್ಷ ಕಾಯೂ ಕಟ್ಟುತ್ತದಂತೆ.
ಚಳಿಗಾಲದಲ್ಲಿ ದಡಕ್ಕೆ ಬಂದು ಬಿದ್ದ ಅದರ ಕಂದು ಗರಿಯನ್ನು
ಅಮ್ಮ ಕತ್ತೆಯ ಕೊಟ್ಟಿಗೆಗೆ ಹಾಸುತ್ತಿದ್ದಳು.
ಹೂವಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಹುಲ್ಲಿನ ನಡುವೆ, ಚೂಪು ತುದಿ ಮರಳಲ್ಲಿ ಊರಿ
ನೆಟ್ಟಗೆ ನಿಂತಿರುತ್ತಿತ್ತು ಲೊಸ್ತುರಾ,
ಮೊಳದುದ್ದದ ಚಿಪ್ಪು, ಅರ್ಧ ಬಿಚ್ಚಿದ ಬೀಸಣಿಗೆ.
ಸುತ್ತ ಚಿನ್ನದ ಗೆರೆಯ ಸಾಲ್ಪಾ ಮೀನು
ಕುರಿಮಂದೆಯಂತೆ ತಲೆಯೆತ್ತದೆ ಮೇಯುತ್ತಿದ್ದವು.
ಚಿಪ್ಪಿನೊಳಗೊಂದು ಜೋಡಿ ಸಿಗಡಿ, ಗಾಜಿನಷ್ಟು ತೆಳು,
ಬಾಡಿಗೆ ಕೊಡದ ಗಂಡ ಹೆಂಡಿರು.
ನೆರಳು ಬಿದ್ದರೆ ಸಾಕು, ಮನೆ ಬಾಗಿಲು ಹಾಕಿಕೊಳ್ಳುತ್ತಿತ್ತು.

ನಾನೂ ಕಿತ್ತಿದ್ದೇನೆ, ಹೇಳಿಬಿಡುತ್ತೇನೆ.
ಎರಡು ಬೇಸಿಗೆ. ದಿನಕ್ಕೆ ಹದಿನೈದು, ಇಪ್ಪತ್ತು.
ಹಸಿವಿಗಲ್ಲ.
ಉಜ್ಜಿ, ಎಣ್ಣೆ ಹಚ್ಚಿ, ಹಡಗುಕಟ್ಟೆಯಲ್ಲಿ ಹರಡಿಕೊಂಡು
ಜರ್ಮನ್ ಪ್ರವಾಸಿಗಳಿಗೆ ಮಾರಿದೆ.
ಒಳಗೊಂದು ಬಲ್ಬು ಸಿಕ್ಕಿಸಿದರೆ ಟೇಬಲ್ಲಿನ ದೀಪ.
ಎಲ್ಲೋ ಒಂದು ಚಳಿಯೂರಿನ ಮನೆಯಲ್ಲಿ, ಟೀವಿಯ ಪಕ್ಕ,
ಕಿತ್ತಳೆ ಬಣ್ಣಕ್ಕೆ ಇನ್ನೂ ಉರಿಯುತ್ತಿರಬಹುದು
ನಮ್ಮ ಕೊಲ್ಲಿ.
ಕೊನೆಯ ಸಲ ಒಂದು ಭಾರೀ ಚಿಪ್ಪಿನಾಸೆಗೆ ಆಳಕ್ಕಿಳಿದು
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದೆ.
ಲೆಕ್ಕ ಚುಕ್ತಾ ಅಂದುಕೊಂಡಿದ್ದೆ.

ಈಗಿನ ಸಾವು ನನ್ನ ಕೈಯದಲ್ಲ.
ನೀರು ಬಿಸಿಯಾಯಿತು, ಕಣ್ಣಿಗೆ ಕಾಣದ ಯಾವುದೋ ಜೀವ ಹೊಟ್ಟೆ ಹೊಕ್ಕಿತು.
ತೆನಾ ಅದರ ಹೆಸರು ಹೇಳಿದಳು,
ಎಡಗಡೆ ಕೂತು ಹೇಳಿದಳು, ಕೇಳಿಸಲಿಲ್ಲ.
ತಲೆಯಾಡಿಸಿದೆ.

ಅವಳ ಸ್ಲೇಟಿನಲ್ಲಿ ಸತ್ತದ್ದಕ್ಕೊಂದು ಗೀಟು,
ಬದುಕಿದ್ದಕ್ಕೆ ಸೊನ್ನೆ.
ಐದು ಬೇಸಿಗೆಯಿಂದ ಗೀಟೇ ಗೀಟು,
ಮುನ್ನೂರ ಹನ್ನೆರಡು.
ನಿಂತಲ್ಲೇ ಸತ್ತಿವೆಯಂತೆ, ಬಾಯಿ ತೆರೆದು, ಒಳಗೆಲ್ಲ ಹೂಳು.
ಒಂದರಲ್ಲಿ ಪುಟ್ಟ ಆಕ್ಟೋಪಸ್ಸು ಸಂಸಾರ ಹೂಡಿದೆ,
ಬಾಗಿಲಿಗೆ ಕಲ್ಲಡ್ಡ ಇಟ್ಟುಕೊಂಡು.
ಹಾಗೆ ಹೇಳುವಾಗ ಮಾತ್ರ ನಕ್ಕಳು.

ಇವತ್ತು ಜೊತೆಗಾರನಿಗೆ ಜ್ವರ, ಒಬ್ಬಳೇ ಇಳಿದಿದ್ದಾಳೆ.
ಬೂರಾ ಗಾಳಿ ನಿಂತು ಎರಡು ದಿನ, ನೀರು ತಿಳಿ,
ನಾಲ್ಕಾಳು ಆಳದ ಕಲ್ಲನ್ನೂ ಎಣಿಸಬಹುದು.
ಗುಳ್ಳೆ ಒಂದೇ ಕಡೆ ಏಳುತ್ತಿವೆ.
ಒಂದು ಸಿಗರೇಟು ಮುಗಿಯಿತು. ಒಂದೇ ಕಡೆ.
ಇನ್ನೊಂದನ್ನು ಹಚ್ಚದೆ ಬೆರಳಲ್ಲಿ ಹಿಡಿದು ಬಾಗಿ ನೋಡಿದೆ,
ದೋಣಿ ಕೊಂಚ ವಾಲಿತು.

ಎದ್ದು ಬಂದಳು. ದೋಣಿಯನ್ನು ಸುತ್ತಿಕೊಂಡು
ನನ್ನ ಬಲಗಿವಿಯ ಕಡೆಗೆ ಈಜಿ ಬಂದು
ಬಾಯಿಯ ನಳಿಗೆ ತೆಗೆದು ಅಂದಳು:
ಯೆರ್ಕೊ, ಸ್ವಲ್ಪ ಆಚೆ ಹೋಗು.
ನಿನ್ನ ನೆರಳು ಬೀಳ್ತಿದೆ.
ಅದು ಬಾಗಿಲು ಹಾಕಿಕೊಳ್ತು.

ಎಂಜಿನ್ನು ಹಚ್ಚಲಿಲ್ಲ.
ಹುಟ್ಟು ನೀರಿಗಿಟ್ಟೆ, ಸದ್ದಾಗದ ಹಾಗೆ,
ನನ್ನ ನೆರಳನ್ನು ಹುಲ್ಲಿನ ಮೇಲಿಂದ
ಎಳೆದುಕೊಂಡು ಹೋದೆ.