ಹಾಯಿ ಹರಿದರೆ

ಶೋಕಸಭೆಗೆ ಅವರ ಬದುಕನ್ನು ಒಂದು ಪುಟದಲ್ಲಿ ಬರೆದುಕೊಡಿ ಅಂದರು.
ಹುಟ್ಟು ಲಾಮು ದ್ವೀಪ, ಓದು ಲೀಡ್ಸ್,
ಅರ್ಥಶಾಸ್ತ್ರದಲ್ಲಿ ಡಾಕ್ಟರೇಟು, ಹನ್ನೊಂದು ಪುಸ್ತಕ,
ನೈರೋಬಿಯ ಬ್ಯಾಂಕಿನಲ್ಲಿ ಹದಿನಾರು ವರ್ಷ.
ಅರ್ಧ ಪುಟಕ್ಕೇ ಮುಗಿಯಿತು.
ಉಳಿದರ್ಧ ಇದು. ಅವರಿಗೆ ಕೊಡಲಿಲ್ಲ.

ಹಾರಿಥ್ ಮಾವಿಯಾ ಲೆಕ್ಕ ಕಲಿತದ್ದು
ಅಜ್ಜನ ಹವಳಗಲ್ಲಿನ ಮನೆಯ ಗೋಡೆಗೂಡಿನ ಮುಂದೆ.
ಒಂದು ಗೂಡಲ್ಲಿ ಕುರಾನು, ಪಕ್ಕದ್ದರಲ್ಲಿ ಖಾತೆಪುಸ್ತಕ,
ನಡುವೆ ಒಂದು ಗಡಿಯಾರ, ನಿಂತು ಎಷ್ಟು ಕಾಲವಾಗಿತ್ತೋ.
ಕೂಸಿ ಗಾಳಿ ಎದ್ದಾಗ ಕಾಂಡ್ಲಾ ಕಂಬ ಹೇರಿಕೊಂಡು
ಬಸ್ರಾ ಕಡೆಗೆ ಹೊರಟ ಹಡಗು
ಗಾಳಿ ತಿರುಗಿದ ಮೇಲೆ ಖರ್ಜೂರ ಹೊತ್ತು ಬರಬೇಕು.
ದುಡ್ಡು ಅಜ್ಜನದು, ದುಡಿಮೆ ನಾಖುದಾನದು,
ಲಾಭ ಬಂದರೆ ಪಾಲು.
‘ಹಾಯಿ ಹರಿದರೆ?’ ಎಂಟು ವರ್ಷದ ಹುಡುಗ ಕೇಳಿದ.
‘ನನ್ನ ದುಡ್ಡು ಹೋಯಿತು, ಅವನ ಒಂದು ವರ್ಷ ಹೋಯಿತು.
ಹೋದದ್ದನ್ನು ಒಬ್ಬರ ಹತ್ತಿರ ಇನ್ನೊಬ್ಬರು ಕೇಳುವ ಹಾಗಿಲ್ಲ.’

ಲೀಡ್ಸಿನಲ್ಲಿ ಪ್ರೊಫೆಸರು ಬೋರ್ಡಿನ ಮೇಲೆ ಬರೆದರು:
ಕಾಲಕ್ಕೂ ಬೆಲೆಯಿದೆ.
ಇವರು ಎದ್ದು ನಿಂತು, ‘ಯಾರ ಕಾಲ, ಸಾರ್?’
ಆ ಪ್ರಶ್ನೆಗೆ ಪದವಿ ಎರಡು ವರ್ಷ ತಡವಾಯಿತು.
ಉಳಿತಾಯದ ಖಾತೆಗೆ ಒಂಬತ್ತು ಪೌಂಡು ಬಡ್ಡಿ ಬಂದು ಕೂತಿತ್ತು,
ತಿನ್ನಲಾರರು, ಬಿಟ್ಟು ಬರಲೂ ಆಗದು.
ಪಕ್ಕದ ಮನೆಯ ಐರಿಷ್ ವಿಧವೆಯ ಒಡೆದ ಕಿಟಕಿಗೆ
ಗಾಜು ಹಾಕಿಸಿದರು.
‘ನನಗೇನೂ ಪುಣ್ಯ ಬರಲಿಲ್ಲ ಝುಹೂರಾ,
ಅವಳಿಗೆ ಚಳಿ ತಪ್ಪಿತು’ ಅಂತ ನಗುತ್ತಿದ್ದರು.

ನಮಗೆ ತರಗತಿಯಲ್ಲಿ ಹೇಳುತ್ತಿದ್ದದ್ದು ಒಂದೇ:
ಅಸಲು ಅಂದರೆ ಬೇರು.
ಬೇರು ತಾನಾಗಿ ಹಣ್ಣು ಬಿಡುವುದಿಲ್ಲ,
ಯಾರೋ ಮಣ್ಣಿಗೆ ಬಗ್ಗಿರಬೇಕು.

ಆಮೇಲೆ ಆ ಮಂಗಳವಾರ. ಎಂಟನೆಯ ಮಹಡಿ, ಹವಾನಿಯಂತ್ರಣ, ಗೋಡಂಬಿ.
ಹೊಸ ಯೋಜನೆ: ಬ್ಯಾಂಕು ಲಾರಿ ಕೊಳ್ಳುತ್ತದೆ,
ಕಾಗದದ ಮೇಲೆ ಎರಡು ನಿಮಿಷ ಇಟ್ಟುಕೊಳ್ಳುತ್ತದೆ,
ಲಾಭ ಸೇರಿಸಿ ಗಿರಾಕಿಗೆ ಕಂತಿನಲ್ಲಿ ಮಾರುತ್ತದೆ.
ಧರ್ಮಸಮ್ಮತ ಎಂದು ಇವರೊಂದು ಸಹಿ ಹಾಕಿದರೆ ಆಯಿತು.
ಪೆನ್ನಿನ ಮುಚ್ಚಳ ತೆಗೆದವರು ತಡೆದರು.
‘ಆ ಎರಡು ನಿಮಿಷದಲ್ಲಿ ಲಾರಿ ಸುಟ್ಟುಹೋದರೆ?’
ಎಲ್ಲರೂ ವಕೀಲರ ಮುಖ ನೋಡಿದರು.
‘ಗಿರಾಕಿಯೇ ಹೊಣೆ. ಪುಟ ಹದಿನಾಲ್ಕು.’
ಮುಚ್ಚಳ ಮತ್ತೆ ಪೆನ್ನಿಗೆ ಕೂತ ಟಿಕ್ ಸದ್ದು
ನನಗಿನ್ನೂ ಕೇಳುತ್ತದೆ.
‘ಬಡ್ಡಿಗೆ ಗಡ್ಡ ಬಿಡಿಸಿದ್ದೀರಿ, ಅಷ್ಟೆ,’
ಎಂದು ಎದ್ದು ಹೋದರು. ಛತ್ರಿ ಮರೆತಿದ್ದರು.

ಮುಂದಿನ ವಾರ ಬೇರೊಬ್ಬ ಪಂಡಿತರು ಬಂದರು.
ಅವರ ಸಹಿಯ ಕೆಳಗೆ, ಸಾಕ್ಷಿಯ ಜಾಗದಲ್ಲಿ, ಇರುವುದು
ನನ್ನ ಸಹಿ.

ಊರಿಗೆ ಮರಳಿದ ಮ್ವಾಲಿಮು ಪಿಂಚಣಿಯ ಗಂಟನ್ನೆಲ್ಲ
ನಾಖುದಾ ಅವಾಧನ ಹಡಗಿಗೆ ಹಾಕಿದರು.
ಕಿವಾಯು ಹತ್ತಿರ ಬಂಡೆಗೆ ತಾಗಿ ಒಡೆಯಿತು.
ಬೆಳಗ್ಗೆ ಅವಾಧ ಬಂದು ಕೆತ್ತನೆಯ ಬಾಗಿಲಾಚೆ ನಿಂತ,
ಒಳಗೆ ಬರಲೊಲ್ಲ.
ಬೀದಿಯಲ್ಲಿ ಕತ್ತೆಗಳು ಅವನನ್ನು ಬಳಸಿ ಹೋಗುತ್ತಿದ್ದವು.
ಮ್ವಾಲಿಮು ಹೊರಗೆ ಬಂದು ಅವನ ಅಂಗೈ ಬಿಡಿಸಿದರು,
ಹಗ್ಗ ಜಾರಿ ಸುಲಿದ ತೊಗಲು.
‘ನನ್ನದು ದುಡ್ಡು. ನಿನ್ನದು ಇದು.
ಲೆಕ್ಕ ಚುಕ್ತಾ. ಕಾಫಿ ಆರುತ್ತಿದೆ, ಬಾ.’

ಕೊನೆಯ ಸಲ ಹೋದಾಗ ಬ್ಯಾಂಕಿನ ಸುದ್ದಿ ಎತ್ತಲಿಲ್ಲ.
‘ನಿನ್ನ ಮನೆಯ ಕಂತು ಇನ್ನೆಷ್ಟು?’
‘ಒಂಬತ್ತು ವರ್ಷ.’
ಖರ್ಜೂರದ ಬೀಜವನ್ನು ಬಾಯಲ್ಲೇ ಹೊರಳಿಸುತ್ತ ಕೂತರು.
‘ಸೂರು ಸೋರಿದರೆ ಯಾರು ಬರುತ್ತಾರೆ?’
ನಾನು ನಕ್ಕೆ. ಅವರೂ ನಕ್ಕರು, ಸ್ವಲ್ಪ ತಡವಾಗಿ.

ಈ ಏಪ್ರಿಲಿನಲ್ಲಿ ಸೋರುತ್ತಿದೆ.
ಮನೆ ಯಾರದೆಂದು ಪುಟ ಹದಿನಾಲ್ಕರಲ್ಲಿ ನೋಡಬೇಕು.
ಬಕೆಟ್ಟು ನನ್ನದು.